ಕಂಠಸಾಧನೆ

ಹಾಡುವುದು ಮನುಷ್ಯನಿಗೆ ಮಾತಿನಷ್ಟೇ ಸಹಜವಾದುದು. ತೊಟ್ಟಿಲು ತೂಗುತ್ತ ಜೋಗುಳ ಹಾಡಿದ ತಾಯಂದಿರೂ ಬೀಸುಕಲ್ಲಿನ ಮುಂದೆ ಕುಳಿತು ಪದ ಹಾಡಿದ ಅಜ್ಜಿಯರೂ ಸಂಗೀತಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಚೆನ್ನಾಗಿ ಹಾಡಲು ಕಲಿಯುವುದು ಬೇರೆಯೇ ಮಾತು. ಆ ದಾರಿಯಲ್ಲಿ ಹೊರಟವನಿಗೆ ಮೊದಮೊದಲೇ ಒಂದು ಸೋಜಿಗ ಎದುರಾಗುತ್ತದೆ. ಉಳಿದ ಕೆಲಸಗಳಲ್ಲಿ ಅವನಿಗೆ ನೆರವಾಗಿದ್ದ ತಿಳಿವಳಿಕೆ ಇಲ್ಲಿ ಅಡ್ಡಬರುತ್ತದೆ. ಭಾರವಾದ ಕಲ್ಲನ್ನೆತ್ತಲು ಹೆಚ್ಚು ಬಲ ಹಾಕಬೇಕು. ಎತ್ತರದ ಸ್ವರವನ್ನೆತ್ತಲು ಹಾಕಿದ ಬಲವನ್ನು ಸಡಿಲಿಸಬೇಕು. ಊರನ್ನು ಬೇಗ ಸೇರಬೇಕಾದವನು ಬೇಗಬೇಗ ನಡೆಯುತ್ತಾನೆ. ದ್ರುತಗತಿಯಲ್ಲಿ ಹಾಡಬೇಕಾದವನು ಬಹುಕಾಲ ನಿಧಾನವಾಗಿ ಹಾಡಬೇಕು. ಇದನ್ನು ತಿಳಿಯದೆ ಎಷ್ಟೋ ಮಂದಿ ಒಂದೆರಡು ವರ್ಷ ಗಂಟಲನ್ನು ದಣಿಸಿಕೊಂಡು, ತಮಗೆ ದೇವರು ಕಂಠವನ್ನೇ ಕೊಟ್ಟಿಲ್ಲವೆಂದು ಸಂಗೀತವನ್ನು ಬಿಟ್ಟುಬಿಡುತ್ತಾರೆ. ಅವರಲ್ಲಿ ಅನೇಕರಿಗೆ ಕಂಠ ಇದ್ದೇ ಇರುತ್ತದೆ. ದುಡಿಮೆ ಮಾತ್ರ ತಪ್ಪು ದಿಕ್ಕಿನಲ್ಲಿ ಸಾಗಿರುತ್ತದೆ.

ವೀಣೆ ಕಲಿಯುವವನು ತನ್ನ ಬೆರಳು ಯಾವ ಮೆಟ್ಟಿನ ಮೇಲಿದೆಯೆಂಬುದನ್ನು ಕಣ್ಣಾರೆ ನೋಡಬಲ್ಲ. ಮೃದಂಗ ಕಲಿಯುವವನು ಗುರುವಿನ ಕೈಯನ್ನು ನೋಡಿ ತನ್ನ ಕೈಯನ್ನು ತಿದ್ದಿಕೊಳ್ಳಬಲ್ಲ. ಹಾಡುವವನಿಗೆ ಈ ಅನುಕೂಲವಿಲ್ಲ. ಅವನ ವಾದ್ಯವು ಕತ್ತಿನ ಒಳಗೆ ಅಡಗಿದೆ. ಶ್ವಾಸನಾಳದ ಮೇಲ್ತುದಿಯಲ್ಲಿರುವ ಧ್ವನಿಪೆಟ್ಟಿಗೆಯಲ್ಲಿ ಎರಡು ಪುಟ್ಟ ಮಡಿಕೆಗಳಿವೆ. ಇವನ್ನೇ ಧ್ವನಿತಂತುಗಳೆಂದು ಕರೆಯುವುದು. ಬೆಳೆದ ಮನುಷ್ಯನಲ್ಲಿಯೂ ಇವುಗಳ ಉದ್ದ ಒಂದರಿಂದ ಎರಡೂವರೆ ಸೆಂಟಿಮೀಟರಿನಷ್ಟೇ. ಉಸಿರು ಇವುಗಳ ನಡುವೆ ಹಾದುಬರುವಾಗ ಇವು ಕಂಪಿಸಿ ನಾದ ಹುಟ್ಟುತ್ತದೆ. ಸಾಮಾನ್ಯವಾಗಿ ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಬಾರಿಯೂ ಹೆಂಗಸರಲ್ಲಿ ಸುಮಾರು 200 ಬಾರಿಯೂ ಈ ಕಂಪನ ನಡೆಯುತ್ತದೆ. ತಾರಸ್ಥಾಯಿಯಲ್ಲಿ ಹಾಡುವಾಗ ಇದರ ಹಲವು ಪಟ್ಟು.

ಜೀವಂತ ಮನುಷ್ಯನ ಗಂಟಲಿನಲ್ಲಿ ಈ ತಂತುಗಳು ಕೆಲಸ ಮಾಡುವುದನ್ನು ಕಂಡು ಸ್ಪಷ್ಟವಾಗಿ ವಿವರಿಸಿದ ಕೀರ್ತಿ ಮ್ಯಾನ್ಯುಯಲ್ ಗಾರ್ಸಿಯಾ ಎಂಬ ಸ್ಪೇನ್ ದೇಶದವನಿಗೆ ಸಲ್ಲುತ್ತದೆ. ಆತ ವೈದ್ಯನಲ್ಲ, ಗಾಯನ ಕಲಿಸುತ್ತಿದ್ದ ಉಪಾಧ್ಯಾಯ. 1854ರಲ್ಲಿ ಆತ ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯೊಂದನ್ನು ತನ್ನ ಗಂಟಲಿನೊಳಕ್ಕೆ ಹಿಡಿದು, ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳನ್ನು ತಾನೇ ನೋಡಿದನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ವಿವರವನ್ನು ಇಟ್ಟನು. ವೈದ್ಯರಿಗೆ ಇದರಿಂದ ಬಹಳ ಉಪಕಾರವಾಯಿತು. ಆದರೆ ವಾದ್ಯವನ್ನು ಕಣ್ಣಿಂದ ಕಂಡಮಾತ್ರಕ್ಕೆ ಹಾಡುವುದು ಯಾರಿಗೂ ಸುಲಭವಾಗಲಿಲ್ಲ. ಬೆರಳನ್ನು ಮಡಿಸೆಂದರೆ ಮಡಿಸಬಹುದು. ಧ್ವನಿತಂತುವನ್ನು ಇಷ್ಟು ಎಳೆ, ಅಷ್ಟು ಸಡಿಲಿಸು ಎಂದು ಆಜ್ಞಾಪಿಸಲು ಬರುವುದಿಲ್ಲ. ಮನಸ್ಸು ಸ್ವರವನ್ನು ನಿಚ್ಚಳವಾಗಿ ನೆನೆದರೆ ಗಂಟಲು ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಆದುದರಿಂದ ಹಾಡುಗಾರನು ಮೊದಲು ಪಳಗಿಸಬೇಕಾದದ್ದು ಕಿವಿಯನ್ನು.

ಕಿವಿಯೂ ಒಂದು ವಿಷಯದಲ್ಲಿ ಮೋಸಮಾಡುತ್ತದೆ. ಮೊಬೈಲ್ ಫೋನಿನಲ್ಲಿ ಮುದ್ರಿಸಿದ ತಮ್ಮ ದನಿಯನ್ನು ಮೊದಲ ಬಾರಿಗೆ ಕೇಳಿದವರು ಬೆಚ್ಚುತ್ತಾರೆ, ಇದು ತಮ್ಮದಲ್ಲವೆನ್ನುತ್ತಾರೆ. ಯಂತ್ರದ ತಪ್ಪೇನೂ ಇಲ್ಲ. ಇತರರ ದನಿ ಗಾಳಿಯ ಮೂಲಕ ಕಿವಿಗೆ ಬರುತ್ತದೆ. ಹಾಡುವವನಿಗೆ ತನ್ನ ದನಿ ಗಾಳಿಯ ಮೂಲಕವೂ ತಲೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ. ಮೂಳೆಗಳು ತಗ್ಗಿನ ನಾದವನ್ನು ಚೆನ್ನಾಗಿ ಸಾಗಿಸುವುದರಿಂದ ಅವನಿಗೆ ತನ್ನ ದನಿ ಇರುವುದಕ್ಕಿಂತ ತುಂಬಿದಂತೆ ತೋರುತ್ತದೆ. ಜೋರಾಗಿ ಹಾಡಿದಷ್ಟೂ ಈ ಭ್ರಮೆ ಹೆಚ್ಚು. ಪಕ್ಕದಲ್ಲಿ ಮಿಡಿಯುತ್ತಿರುವ ತಂಬೂರಿಯೇ ಕೇಳಿಸದಂತಾಗುತ್ತದೆ. ಹಳೆಯ ಗುರುಗಳು ಶಿಷ್ಯನು ಸೊಗಸಾಗಿ ಹಾಡಿದೆನೆಂದು ಹಿಗ್ಗುತ್ತಿರುವ ಹೊತ್ತಿನಲ್ಲಿಯೇ ಅವನನ್ನು ತಡೆದು ತಂಬೂರಿಯನ್ನು ಕೇಳೆಂದು ಹೇಳುತ್ತಿದ್ದುದು ಇದಕ್ಕಾಗಿ. ಹಾಡಿಕೊಳ್ಳುವಾಗ ಮನಸ್ಸಿಗೆ ಹಿತವೆನಿಸಿದ್ದೆಲ್ಲ ಕೇಳುವವರಿಗೂ ಹಿತವಾಗಿರಬೇಕೆಂಬ ನಿಯಮವಿಲ್ಲ. ಶಿಷ್ಯನಿಗೆ ತೆಳುವಾಗಿ, ಸಪ್ಪೆಯಾಗಿ ತೋರಿದ ಸ್ವರವೇ ಎಷ್ಟೋ ವೇಳೆ ಶ್ರುತಿಯಲ್ಲಿ ಬೆರೆತು ಕೊಠಡಿಯನ್ನೆಲ್ಲ ತುಂಬಿರುತ್ತದೆ.

ಇನ್ನು ಎತ್ತರದ ಸ್ವರಗಳ ಸಂಗತಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡುವ ಮಕ್ಕಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಸ್ವರ ಮೇಲೇರುತ್ತಿದ್ದಂತೆ ಗದ್ದ ಮೇಲೇಳುತ್ತದೆ, ಹುಬ್ಬು ಗಂಟಾಗುತ್ತದೆ, ಕತ್ತಿನ ನರಗಳು ಉಬ್ಬುತ್ತವೆ. ಸ್ವರವು ಅಟ್ಟದ ಮೇಲಿದೆ, ಕೈಚಾಚಿ ಹಿಡಿಯಬೇಕು ಎಂಬಂತೆ ಅವರು ವರ್ತಿಸುತ್ತಾರೆ. ಸ್ವರಕ್ಕೆ ಮೇಲು ಕೆಳಗು ಎಂಬುದು ನಾವು ಇಟ್ಟುಕೊಂಡ ಹೆಸರು ಮಾತ್ರ. ಧ್ವನಿತಂತುಗಳು ಉದ್ದಕ್ಕೆ ಸೆಳೆದುಕೊಂಡು ತೆಳುವಾದಾಗ ಕಂಪನ ಹೆಚ್ಚಿ ಸ್ವರ ಏರುತ್ತದೆ. ಆ ಸೆಳೆತವನ್ನುಂಟುಮಾಡುವ ಸ್ನಾಯುಗಳು ತೀರ ಚಿಕ್ಕವು. ಅವು ಧ್ವನಿಪೆಟ್ಟಿಗೆಗೇ ಅಂಟಿಕೊಂಡಿವೆ. ಕತ್ತಿನ ದೊಡ್ಡ ಸ್ನಾಯುಗಳನ್ನು ಬಿಗಿಹಿಡಿದರೆ ಈ ಚಿಕ್ಕವುಗಳ ಕೆಲಸ ಕೆಡುತ್ತದೆ. ಕತ್ತಿನ ಮುಂಭಾಗದಲ್ಲಿರುವ ಗಟ್ಟಿ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ಸರಕ್ಕನೆ ಮೇಲಕ್ಕೇರುವುದು ತಿಳಿಯುತ್ತದೆ. ಅನ್ನ ನೀರು ಶ್ವಾಸನಾಳಕ್ಕೆ ಜಾರದಂತೆ ಬಾಗಿಲು ಮುಚ್ಚುವ ಏರ್ಪಾಡು ಅದು. ಗದ್ದವೆತ್ತಿ ಕಿರುಚುತ್ತ ಹಾಡುವವನು ತನಗರಿಯದಂತೆ ಇದೇ ನುಂಗುವ ಸ್ನಾಯುಗಳನ್ನು ಬಿಗಿಯುತ್ತಾನೆ. ಒಂದು ಕೈಯಿಂದ ಕದ ಮುಚ್ಚುತ್ತ ಇನ್ನೊಂದು ಕೈಯಿಂದ ನೆಂಟರನ್ನು ಒಳಗೆ ಕರೆದಂತೆ.

ಉಸಿರಿನ ವಿಷಯದಲ್ಲಿಯೂ ಇಂಥದೇ ತಪ್ಪು ಕಲ್ಪನೆಯಿದೆ. ಎದೆ ಬಿರಿಯುವಷ್ಟು ಗಾಳಿ ತುಂಬಿಕೊಂಡರೆ ದೀರ್ಘವಾಗಿ ಹಾಡಬಹುದೆಂದು ಹೊಸಬರು ಎಣಿಸುತ್ತಾರೆ. ಹಾಗೆ ತುಂಬಿದ ಗಾಳಿ ಹೊರನುಗ್ಗಲು ತವಕಿಸುತ್ತದೆ, ಅದನ್ನು ತಡೆಯಲು ಗಂಟಲು ಬಿಗಿಯಬೇಕಾಗುತ್ತದೆ, ಸ್ವರ ನಡುಗುತ್ತದೆ. ಕಡಿಮೆ ಗಾಳಿಯನ್ನು ಹದವರಿತು ಬಿಡುವವನ ಸ್ವರವೇ ಹೆಚ್ಚು ಹೊತ್ತು ನಿಲ್ಲುತ್ತದೆ. ಪಶ್ಚಿಮ ದೇಶಗಳ ಗಾಯನ ಶಿಕ್ಷಕರಲ್ಲಿ ಒಂದು ಹಳೆಯ ಅಭ್ಯಾಸವಿತ್ತು. ಶಿಷ್ಯನನ್ನು ಉರಿಯುವ ಮೇಣದಬತ್ತಿಯ ಮುಂದೆ ನಿಲ್ಲಿಸಿ ಅಕಾರದಲ್ಲಿ ಹಾಡಿಸುತ್ತಿದ್ದರು, ಕುಡಿ ಅಲುಗಬಾರದು. ದನಿ ದೂರಕ್ಕೆ ಹೋಗಬೇಕಾದರೆ ಬಾಯಿಂದ ಗಾಳಿ ರಭಸವಾಗಿ ಹೊರಡಬೇಕೆಂಬ ನಂಬಿಕೆಯನ್ನು ಆ ಕುಡಿ ಸುಳ್ಳುಮಾಡುತ್ತದೆ. ನಾದವೆಂದರೆ ಬೀಸುವ ಗಾಳಿಯಲ್ಲ, ಗಾಳಿಯಲ್ಲಿ ಹರಡುವ ಕಂಪನ.

ದೂರಕ್ಕೆ ಕೇಳಿಸುವುದು ಗದ್ದಲದಿಂದಲ್ಲ ಎಂಬುದಕ್ಕೆ ಯೂರೋಪಿನ ಗೀತನಾಟಕಗಳೇ ಸಾಕ್ಷಿ. ಅಲ್ಲಿ ಹತ್ತಾರು ವಾದ್ಯಗಳು ಒಟ್ಟಿಗೆ ಮೊಳಗುತ್ತಿರುವಾಗ ಒಬ್ಬನೇ ಗಾಯಕ ಧ್ವನಿವರ್ಧಕದ ನೆರವಿಲ್ಲದೆ ಹಾಡುತ್ತಾನೆ. ಅವನ ದನಿ ಸಭಾಂಗಣದ ಕೊನೆಯ ಸಾಲಿಗೂ ಮುಟ್ಟುತ್ತದೆ. ಬಲದ ಮೇಲೆ ಅವನು ವಾದ್ಯವೃಂದವನ್ನು ಗೆಲ್ಲುವುದು ಸಾಧ್ಯವೇ ಇಲ್ಲ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದರ ಗುಟ್ಟನ್ನು ವಿವರಿಸಿದರು. ವಾದ್ಯವೃಂದದ ನಾದದ ಬಹುಪಾಲು ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ ಕೂಡಿರುತ್ತದೆ. ಪಳಗಿದ ಗಾಯಕನು ಗಂಟಲಿನ ಒಳಜಾಗವನ್ನು ಅಗಲವಾಗಿ, ಸಡಿಲವಾಗಿ ಇಟ್ಟುಕೊಂಡಾಗ ಅವನ ದನಿಯಲ್ಲಿ 3000 ಕಂಪನಗಳ ಆಸುಪಾಸಿನ ಅಂಶ ಮೆರುಗು ಪಡೆಯುತ್ತದೆ. ಅಲ್ಲಿ ವಾದ್ಯಗಳ ಸದ್ದು ಕಡಿಮೆ. ಮನುಷ್ಯನ ಕಿವಿಯೋ ಆ ನಾದಕ್ಕೆ ಬಹು ಸೂಕ್ಷ್ಮ. ಜಾತ್ರೆಯ ಗಲಾಟೆಯ ನಡುವೆಯೂ ಪುಟ್ಟ ಗಂಟೆಯೊಂದರ ಕಿಣಿಕಿಣಿ ಬೇರೆಯಾಗಿ ಕೇಳಿಬರುವುದಿಲ್ಲವೇ? ಗಂಟಲನ್ನು ಹಿಂಡಿ ಕೂಗುವವನಿಗೆ ಈ ಮೆರುಗು ದಕ್ಕುವುದಿಲ್ಲ. ಅವನು ಹೆಚ್ಚು ದಣಿಯುತ್ತಾನೆ, ಕಡಿಮೆ ಕೇಳಿಸುತ್ತಾನೆ. ಇದು ಅನ್ಯಾಯವೆಂದು ತೋರಬಹುದು, ಆದರೆ ಪ್ರಕೃತಿಯ ಲೆಕ್ಕವೇ ಹಾಗಿದೆ.

ಗಂಟಲಿನ ಆರೈಕೆಯಲ್ಲಿಯೂ ಜನ ನಂಬಿರುವುದು ಒಂದು, ನಿಜ ಇನ್ನೊಂದು. ಹಾಡುವ ಮುನ್ನ ಕುಡಿದ ನೀರು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಅದು ಅನ್ನನಾಳದಲ್ಲಿ ಇಳಿದುಹೋಗುತ್ತದೆ. ಇಡೀ ದಿನ ಸಾಕಷ್ಟು ನೀರು ಕುಡಿದ ದೇಹದಲ್ಲಿ ಮಾತ್ರ ತಂತುಗಳು ತೇವವಾಗಿರುತ್ತವೆ. ಗಂಟಲು ಕಟ್ಟಿದಾಗ ಒತ್ತಿ ಪಿಸುಗುಟ್ಟುವುದರಿಂದ ಅದಕ್ಕೆ ವಿಶ್ರಾಂತಿ ಸಿಕ್ಕುವುದಿಲ್ಲ, ಶ್ರಮವೇ ಹೆಚ್ಚಬಹುದು. ಮೌನವೇ ಆಗ ಒಳ್ಳೆಯ ಔಷಧ.

ನಮ್ಮ ನಾಡಿನ ಸಂಗೀತಪಾಠದ ಕ್ರಮವನ್ನು ನೋಡಿದರೆ ಹಿರಿಯರು ಇಂಥ ಸೂಕ್ಷ್ಮಗಳನ್ನು ಅನುಭವದಿಂದಲೇ ಅರಿತಿದ್ದರೆಂದು ತೋರುತ್ತದೆ. ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆವರಸೆ. ಇದನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವ ಪದ್ಧತಿಯನ್ನು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಹೊಸಬನಿಗೆ ಸುಲಭವಾದ ರಾಗವನ್ನು ಕೊಡಬಾರದಾಗಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಈ ರಾಗದಲ್ಲಿ ಷಡ್ಜದಿಂದ ರಿಷಭಕ್ಕೆ ತೀರ ಕಿರಿದಾದ ಹೆಜ್ಜೆ. ರಿಷಭದಿಂದ ಗಾಂಧಾರಕ್ಕೆ ದೊಡ್ಡ ನೆಗೆತ. ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಕಿರುಹೆಜ್ಜೆ. ಪಂಚಮದಿಂದ ಮೇಲಿನ ಷಡ್ಜದವರೆಗೆ ಇದೇ ಅಳತೆ ಇನ್ನೊಮ್ಮೆ ಬರುತ್ತದೆ. ಕಿರಿದು ಹಿರಿದೆಂಬ ಎರಡು ಅಂತರಗಳು ಹೀಗೆ ಒತ್ತೊತ್ತಾಗಿ ಬಂದಾಗ ಕಿವಿಗೆ ಅವುಗಳ ವ್ಯತ್ಯಾಸ ಮರೆಯದಂತೆ ನಾಟುತ್ತದೆ. ಕೆಳಗಿನ ಅರ್ಧದಲ್ಲಿ ಕಲಿತದ್ದನ್ನು ಮೇಲಿನ ಅರ್ಧದಲ್ಲಿ ಒರೆಹಚ್ಚಿ ನೋಡಲೂ ಬರುತ್ತದೆ. ಸುಲಭವಾದುದನ್ನು ಕೊಟ್ಟಿದ್ದರೆ ಬಾಯಿ ಬೇಗ ಹಾಡುತ್ತಿತ್ತು. ಕಿವಿ ಇಷ್ಟು ಬೇಗ ಹರಿತವಾಗುತ್ತಿರಲಿಲ್ಲ.

ಸರಳೆಯನ್ನು ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ತಾಳದ ಒಂದು ಎಣಿಕೆಗೆ ಮೊದಲ ಕಾಲದಲ್ಲಿ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮಕ್ಕಳು ಮೂರನೆಯ ಕಾಲಕ್ಕೆ ಕಾತರಿಸುತ್ತಾರೆ. ಅದೇ ಕಷ್ಟದ್ದು, ಅದೇ ಜಾಣತನವೆಂದು ಅವರ ಭಾವನೆ. ನಿಜವಾಗಿ ಕಷ್ಟವಾದುದು ಮೊದಲ ಕಾಲ. ವೇಗದಲ್ಲಿ ಸ್ವರದ ಕುಂದು ಕಾಣುವ ಮೊದಲೇ ಮುಂದಿನ ಸ್ವರ ಬಂದುಬಿಡುತ್ತದೆ. ನಿಧಾನದಲ್ಲಿ ಪ್ರತಿಯೊಂದು ಸ್ವರವೂ ತಂಬೂರಿಯ ಎದುರು ಬತ್ತಲೆಯಾಗಿ ನಿಲ್ಲಬೇಕು. ಕ್ರೀಡಾದಿನದಂದು ನಡೆಸುವ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಕಾಲೂರದೆ ಕೊನೆಯವನಾಗಿ ಗೆರೆ ಮುಟ್ಟುವವನೇ ಗೆಲ್ಲುತ್ತಾನೆ. ಸೈಕಲ್ಲಿನ ಮೇಲೆ ಅವನಿಗಿರುವ ಹಿಡಿತ ವೇಗವಾಗಿ ಓಡಿಸುವವನಿಗೆ ಇರುವುದಿಲ್ಲ.

ತಾರಸ್ಥಾಯಿಯನ್ನು ಬಯಸುವವನು ಮಂದ್ರಸ್ಥಾಯಿಯಲ್ಲಿ ಸಾಧನೆ ಮಾಡಬೇಕೆಂಬುದೂ ಇಂಥದೇ ಮಾತು. ಹಿಂದೂಸ್ತಾನಿ ಗಾಯಕರು ಮುಂಜಾನೆಯ ಹೊತ್ತು ಕೆಳಗಿನ ಷಡ್ಜದ ಕಡೆಗೆ ಇಳಿದು ಒಂದೊಂದೇ ಸ್ವರವನ್ನು ಬಹುಹೊತ್ತು ನಿಲ್ಲಿಸುವ ರೂಢಿಯುಂಟು. ಇದಕ್ಕೆ ಖರಜ ಸಾಧನೆಯೆಂದು ಹೆಸರು. ಮಂದ್ರದಲ್ಲಿ ಬಲಾತ್ಕಾರ ನಡೆಯುವುದಿಲ್ಲ. ಒತ್ತಿದೊಡನೆ ಸ್ವರ ಒಡೆಯುತ್ತದೆ ಅಥವಾ ಮಾಯವಾಗುತ್ತದೆ. ಗಂಟಲನ್ನು ಸಡಿಲವಾಗಿ ಇಡುವುದನ್ನು ಕಲಿಸಲು ಇದಕ್ಕಿಂತ ಕಟ್ಟುನಿಟ್ಟಾದ ಗುರು ಇಲ್ಲ. ಹಾಗೆ ಕಲಿತ ಸಡಿಲತೆಯೇ ಮೇಲಿನ ಸ್ವರಗಳಲ್ಲಿ ಕೈಹಿಡಿಯುತ್ತದೆ.

ಒಂದು ಪಾಠದಲ್ಲಿಯೇ ಬಹುಕಾಲ ನಿಲ್ಲುವ ಈ ಕ್ರಮಕ್ಕೆ ಧಾರವಾಡ ಜಿಲ್ಲೆಯ ಕುಂದಗೋಳ ಒಳ್ಳೆಯ ನಿದರ್ಶನ. ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ಮರಾಠಿ ರಂಗಭೂಮಿಯಲ್ಲಿಯೂ ಹೆಸರು ಗಳಿಸಿದ್ದ ಸವಾಯಿ ಗಂಧರ್ವರು ಅಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಗದಗಿನ ಶಾಲಾ ಉಪಾಧ್ಯಾಯರ ಮಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋಗಿದ್ದನು. ಗ್ವಾಲಿಯರ್, ಕಲ್ಕತ್ತ, ಜಲಂಧರ ಎಂದು ಉತ್ತರದೇಶವನ್ನೆಲ್ಲ ಸುತ್ತಿದ ಬಳಿಕ, ನಿನಗೆ ತಕ್ಕ ಗುರು ನಿನ್ನ ಊರಿನ ಸಮೀಪದಲ್ಲಿಯೇ ಇದ್ದಾರೆಂಬ ಸಲಹೆ ಅವನಿಗೆ ದೊರೆಯಿತು. 1936ರಲ್ಲಿ ಅವನು ಕುಂದಗೋಳವನ್ನು ಸೇರಿದನು. ಅಲ್ಲಿ ಒಡನೆಯೇ ರಾಗಗಳ ಸುರಿಮಳೆಯೇನೂ ಆಗಲಿಲ್ಲ. ಮೊದಲು ನೀರು ಹೊರುವುದು, ಮನೆಗೆಲಸ. ಆಮೇಲೆ ಮುಖ್ಯವಾಗಿ ಮೂರೇ ರಾಗಗಳು: ಬೆಳಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಹೊರಗಿನವರಿಗೆ ಇದು ಶಿಷ್ಯನ ಪ್ರಾಯವನ್ನು ವ್ಯರ್ಥಮಾಡಿದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಮೂರರಲ್ಲಿ ಪಳಗಿದ ಕಂಠಕ್ಕೆ ಉಳಿದ ರಾಗಗಳ ಬಾಗಿಲು ತಾನಾಗಿ ತೆರೆಯಿತು. 2008ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಘೋಷಣೆಯಾಯಿತು.

ಅದೇ ಗುರುವಿನ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದುಹೋಗಿ ಕಲಿಯುತ್ತಿದ್ದವರು ಗಂಗೂಬಾಯಿ ಹಾನಗಲ್. ಜಿಪುಣನು ಹಣವನ್ನು ಬಳಸುವ ಹಾಗೆ ಸ್ವರಗಳನ್ನು ಬಳಸಬೇಕೆಂದು ಗುರುಗಳು ಕಲಿಸಿದರೆಂದು ಅವರು ಹೇಳುತ್ತಿದ್ದರು. ಅವರ ಕಂಠದ ಕಥೆಯಂತೂ ಸಂಗೀತ ಕಲಿಯುವವರೆಲ್ಲ ತಿಳಿಯಬೇಕಾದುದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರಿಗೆ ಎಳವೆಯಲ್ಲಿ ಎತ್ತರದ, ತೆಳುವಾದ, ಇಂಪಾದ ದನಿಯಿತ್ತು. 1930ರ ದಶಕದಲ್ಲಿ ಮುದ್ರಿತವಾದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಅದನ್ನು ಕೇಳಬಹುದು. ಮುಂದೆ ಗಂಟಲಿನ ತೊಂದರೆ ಉಂಟಾಗಿ, ಅದಕ್ಕೆ ಚಿಕಿತ್ಸೆ ನಡೆದ ಬಳಿಕ ದನಿ ಕೆಳಕ್ಕಿಳಿಯಿತು, ಗಂಡುದನಿಯೆನ್ನುವಷ್ಟು ಗಂಭೀರವಾಯಿತು. ಹೆಣ್ಣಿನ ಕಂಠವೆಂದರೆ ಕೋಗಿಲೆಯಂತಿರಬೇಕೆಂದು ಜನ ನಂಬಿದ್ದ ಕಾಲದಲ್ಲಿ, ಹಾಡಿಯೇ ಸಂಸಾರ ಸಾಗಿಸಬೇಕಾಗಿದ್ದ ಹೆಣ್ಣುಮಗಳಿಗೆ ಇದು ಎಂಥ ಪೆಟ್ಟೆಂಬುದನ್ನು ಊಹಿಸಬಹುದು. ಹೋದ ದನಿಯನ್ನು ಮರಳಿ ತರಲು ಅವರು ಗಂಟಲನ್ನು ಹಿಂಡಲಿಲ್ಲ. ಬಂದ ದನಿಗೆ ತಕ್ಕ ಶ್ರುತಿಯನ್ನು ಹಿಡಿದು, ಆ ದನಿಯಲ್ಲಿಯೇ ಸಾಧನೆಯನ್ನು ಮುಂದುವರಿಸಿದರು. ಮೊದಲಿನ ಇಂಪು ಮತ್ತೆ ಬರಲಿಲ್ಲ. ಅದರ ಜಾಗದಲ್ಲಿ ಬಂದ ಗಾಂಭೀರ್ಯ ದೇಶದಲ್ಲೆಲ್ಲ ಅವರ ಗುರುತಾಯಿತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. ತೊಂಬತ್ತು ದಾಟಿದ ವಯಸ್ಸಿನಲ್ಲಿಯೂ ಅವರು ವೇದಿಕೆಯ ಮೇಲೆ ಕುಳಿತು ಹಾಡಿದರು. 2009ರಲ್ಲಿ ತೀರಿಕೊಂಡರು.

ದನಿ ಬದಲಾಗುವುದು ಕಾಯಿಲೆಯಿಂದ ಮಾತ್ರವಲ್ಲ. ಬಾಲ್ಯ ಕಳೆದು ಯೌವನಕ್ಕೆ ಕಾಲಿಡುವ ವಯಸ್ಸಿನಲ್ಲಿ ಎಲ್ಲ ಹುಡುಗ ಹುಡುಗಿಯರ ಧ್ವನಿಪೆಟ್ಟಿಗೆಯೂ ಬೆಳೆಯುತ್ತದೆ. ಹುಡುಗಿಯರ ದನಿ ಒಂದೆರಡು ಸ್ವರಗಳಷ್ಟು ಇಳಿದರೆ ಹುಡುಗರದು ಸುಮಾರು ಒಂದು ಇಡೀ ಸ್ಥಾಯಿಯಷ್ಟು ಇಳಿಯುತ್ತದೆ. ನಿನ್ನೆಯವರೆಗೆ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡುತ್ತಿದ್ದ ಹುಡುಗನ ದನಿ ಒಂದು ದಿನ ನಡುವೆ ಒಡೆದು, ಸಂಗಡಿಗರು ನಗುತ್ತಾರೆ. ಅವನು ಹಿಂದಿನ ಸಾಲಿಗೆ ಸರಿದುಬಿಡುತ್ತಾನೆ. ಅನೇಕರ ಹಾಡುಗಾರಿಕೆ ನಿಂತುಹೋಗುವುದು ಅಲ್ಲಿಯೇ. ಆದರೆ ಆ ಒಡಕು ಬೆಳವಣಿಗೆಯ ಗುರುತು. ಉದ್ದವಾದ ತಂತುಗಳನ್ನು ಆಳಲು ಸ್ನಾಯುಗಳು ಹೊಸದಾಗಿ ಕಲಿಯುತ್ತಿರುತ್ತವೆ. ಆ ತಿಂಗಳುಗಳಲ್ಲಿ ಹಳೆಯ ಎತ್ತರವನ್ನು ಹಟದಿಂದ ಹಿಡಿಯಹೋದರೆ ಗಂಟಲು ಕೆಡುತ್ತದೆ. ಪೂರ್ತಿ ಬಿಟ್ಟುಬಿಡಬೇಕಾದ ಅಗತ್ಯವೂ ಇಲ್ಲ. ಸುಲಭವಾಗಿ ಎಟುಕುವ ನಾಲ್ಕೈದು ಸ್ವರಗಳೊಳಗೆ ಮೆಲ್ಲಗೆ, ಸ್ವಲ್ಪ ಹೊತ್ತು ಹಾಡಿಕೊಂಡು, ಉಳಿದ ಹೊತ್ತನ್ನು ಒಳ್ಳೆಯ ಸಂಗೀತ ಕೇಳುವುದರಲ್ಲಿಯೂ ತಾಳ ಹಾಕುವುದರಲ್ಲಿಯೂ ಕಳೆಯಬಹುದು.

ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಇಂಥದೇ ಎತ್ತರವೆಂಬ ಕಟ್ಟುಪಾಡಿಲ್ಲ. ಹಾಡುವವನಿಗೆ ಒಗ್ಗಿದ್ದೇ ಅವನ ಷಡ್ಜ. ಗಂಡಸರು ಸಾಮಾನ್ಯವಾಗಿ ಒಂದು ಮನೆಯ ಶ್ರುತಿಯ ಆಸುಪಾಸಿನಲ್ಲಿ ಹಾಡಿದರೆ, ಹೆಂಗಸರು ಐದು ಆರು ಮನೆಯ ಶ್ರುತಿಯಲ್ಲಿ ಹಾಡುತ್ತಾರೆ. ಐದು ಮನೆಯಲ್ಲಿ ಸರಳೆ ಕಲಿತ ಹುಡುಗನು ದನಿ ನೆಲೆಗೊಂಡ ಮೇಲೆ ಶ್ರುತಿಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಗುರುಗಳ ಎದುರಿನಲ್ಲಿ ಒಂದೊಂದೇ ಮನೆ ಕೆಳಗಿಳಿಯುತ್ತ, ಕೆಳಗೆ ಮಂದ್ರದ ಪಂಚಮವೂ ಮೇಲೆ ತಾರದ ಪಂಚಮವೂ ಪ್ರಯಾಸವಿಲ್ಲದೆ ನಿಲ್ಲುವ ಜಾಗವನ್ನು ಹುಡುಕಿಕೊಳ್ಳಬೇಕು. ಆಮೇಲೆ ಆ ಹೊಸ ಮನೆಯಲ್ಲಿ ಸರಳೆವರಸೆಯನ್ನು ಮೊದಲ ಕಾಲದಿಂದ ಮತ್ತೆ ಆರಂಭಿಸಬೇಕು.